ಒಂದೇ ಕಾನ್ಫಿಗ್, ಎರಡು ಡಬ್ಬ: ಹಾಸ್ಟೆಲ್ ಲ್ಯಾಪ್‌ಟಾಪ್‌ನಿಂದ ಪುಣಜನೂರಿಗೆ

1/9

ಮೊದಲ ಫೋಟೋದಲ್ಲಿರೋದು ಎರಡು ಹಳೇ ವೈಫೈ ಡಬ್ಬ. ಒಂದಕ್ಕೆ ಎರಡು ಕೊಂಬು, ಇನ್ನೊಂದಕ್ಕೆ ನಾಲ್ಕು. ಬೇರೆ ಬೇರೆ ಕಂಪನಿಯವು. ಯಾರೋ ಹೊಸದು ತಗೊಂಡಾಗ ‘ಬೇಕಾದ್ರೆ ಇಟ್ಕೊಳ್ರಪ್ಪ’ ಅಂತ ಕೊಟ್ಟವು. ಇವೆರಡನ್ನೂ ಪುಣಜನೂರಿನ ಒಂದು ಓದುವ ಕೋಣೆಗೆ ಹಾಕಿ, ಎರಡೂ ಸೇರಿ ಒಂದೇ ವೈಫೈ ಥರ ಕೆಲಸ ಮಾಡಬೇಕು ಅನ್ನೋದು ನಮ್ಮ ಆಸೆ.

ಹೋದ ಸರಣಿ ಆದಮೇಲೆ ನಿಮ್ಮಲ್ಲಿ ತುಂಬಾ ಜನ ಒಂದೇ ಪ್ರಶ್ನೆ ಕಳಿಸಿದ್ರಿ: ‘ಸಿಮ್ಯುಲೇಟರ್‌ನಲ್ಲಿ ಮಾಡಿದ ಆಕ್ಸೆಸ್ ಪಾಯಿಂಟ್ ಕಾನ್ಫಿಗನ್ನ ನಿಜವಾದ ಡಬ್ಬಕ್ಕೆ ಹಾಗೇ ಹಾಕಬಹುದಾ?’

ಅರ್ಧ ಹಾಕಬಹುದು. ಆ ಅರ್ಧ ಯಾವುದು ಅಂತ ಮೊದಲೇ ಗೊತ್ತಿದ್ದರೆ ಒಂದು ದಿನದಲ್ಲಿ ಕೆಲಸ ಮುಗಿಯುತ್ತೆ. ಗೊತ್ತಿಲ್ಲದೆ ಇಡೀ ಫೈಲ್ ಎತ್ತಿ ಹಾಕಿದರೆ ಡಬ್ಬ ನಿಮ್ಮನ್ನೇ ಹೊರಗಿಟ್ಟು ಬಾಗಿಲು ಹಾಕಿಕೊಳ್ಳುತ್ತೆ. ಊರಲ್ಲಾದರೆ ಗೂಗಲ್ ಮಾಡಿ ಸರಿ ಮಾಡಬಹುದು. ನಾವು ಹೋಗ್ತಿದ್ದ ಜಾಗದಲ್ಲಿ ಗೂಗಲ್ ತೆರೆಯೋಕೇ ಈ ಡಬ್ಬ ಕೆಲಸ ಮಾಡಬೇಕಿತ್ತು.

2/9

ಪುಣಜನೂರು ಗೊತ್ತಿಲ್ಲದವರಿಗೆ: ಚಾಮರಾಜನಗರದಿಂದ ಸತ್ಯಮಂಗಲದ ರಸ್ತೆ ಹಿಡಿದರೆ ತಮಿಳುನಾಡು ಗಡಿಗೆ ಮೊದಲು ಸಿಗುವ ಊರು. ಸುತ್ತ ಬಿಳಿಗಿರಿರಂಗನ ಬೆಟ್ಟದ ಹುಲಿ ಸಂರಕ್ಷಿತ ಪ್ರದೇಶದ ಕಾಡು, ಅರಣ್ಯ ಇಲಾಖೆಯ ಚೆಕ್‌ಪೋಸ್ಟ್, ಒಳಗೆ ಸೋಲಿಗರ ಪೋಡುಗಳು. ಮುಂದೆ ಹೋದರೆ ಹಾಸನೂರು, ಆಮೇಲೆ 27 ತಿರುವಿನ ದಿಂಬಂ ಘಾಟಿ. ಕಬ್ಬಿನ ಲಾರಿ ಅಡ್ಡಗಟ್ಟಿ ಜಲ್ಲೆ ಎಳೆದುಕೊಳ್ಳುವ ಆನೆಗಳ ವಿಡಿಯೋ ನೀವೆಲ್ಲ ಶೇರ್ ಮಾಡಿದ್ದೀರಲ್ಲ, ಅದು ಈ ರಸ್ತೆಯ ಕಡೆಯದ್ದೇ. ಅದಕ್ಕೇ ಸಂಜೆ ಆದಮೇಲೆ ಅಲ್ಲಿಂದ ಹೊರಡೋ ಮಾತು ಯಾರೂ ಆಡಲ್ಲ.

ಓದುವ ಕೋಣೆ ಅಂದರೆ ಹೆಂಚಿನ ಒಂದು ಕೋಣೆ, ಅದಕ್ಕೆ ಅಂಟಿಕೊಂಡ ತಗಡಿನ ಶೀಟಿನ ಜಗಲಿ. ಸಂಜೆ ಎಂಟನೇ ಕ್ಲಾಸಿನಿಂದ ಪಿಯುಸಿವರೆಗಿನ ಮಕ್ಕಳು ಬರುತ್ತಾರೆ. ಅವರಿಗೆ ಇಂಟರ್ನೆಟ್ ಬೇಕಾಗಿದ್ದು ರೀಲ್ಸ್‌ಗಲ್ಲ (ಸರಿ, ಅದಕ್ಕೂ). ಸ್ಕಾಲರ್‌ಶಿಪ್ ಅರ್ಜಿಗೆ. ಆಧಾರ್ ನಂಬರ್ ಹಾಕಿ, ಓಟಿಪಿ ಬರೋವರೆಗೆ ಕಾದು, ಜಾತಿ-ಆದಾಯ ಪ್ರಮಾಣಪತ್ರದ ನಂಬರ್ ತುಂಬೋ ಹೊತ್ತಿಗೆ ಸಿಗ್ನಲ್ ಹೋದರೆ ಮತ್ತೆ ಮೊದಲಿಂದ. ಬಸ್ ಹಿಡಿದು ಚಾಮರಾಜನಗರದ ಸೈಬರ್ ಅಂಗಡಿಗೆ ಹೋದರೆ ಮಗುವಿಗೆ ಒಂದು ದಿನದ ಸ್ಕೂಲು, ಜೊತೆಗೆ ಬಂದ ಅಪ್ಪನಿಗೆ ಒಂದು ದಿನದ ಕೂಲಿ ಹೋಯಿತು.

ಸಿಗ್ನಲ್ ಗಟ್ಟಿಯಾಗಿ ಸಿಗೋದು ಪಕ್ಕದ ಅಕ್ಕನ ಮನೆ ತಾರಸಿ ಮೇಲೆ ಮಾತ್ರ. ಹಾಗಾಗಿ ಒಂದು ಡಬ್ಬ ಅಲ್ಲಿ, 4ಜಿ ಡಾಂಗಲ್ ಜೊತೆ. ಇನ್ನೊಂದು ಓದುವ ಕೋಣೆಯಲ್ಲಿ. ಮಧ್ಯೆ ಕೇಬಲ್. ತಾಮ್ರದ ಈಥರ್ನೆಟ್ ಕೇಬಲ್‌ಗೆ 100 ಮೀಟರ್ ಮಿತಿ, ನಮ್ಮದು ಹೆಜ್ಜೆ ಲೆಕ್ಕದಲ್ಲಿ 70ರ ಒಳಗೆ. ನಮಗಿದ್ದದ್ದು ಒಂದು ಭಾನುವಾರ, ಬೆಳಿಗ್ಗೆ ಬಸ್ಸಿಂದ ಸಂಜೆ ಬಸ್ಸಿನವರೆಗೆ. ಅರ್ಜಿಯ ಕೊನೇ ದಿನ ಅದೇ ವಾರ.

3/9

ಈಗ ಸಿಮ್ಯುಲೇಟರ್ ವಿಷಯ. ನಮ್ಮಲ್ಲಿ ಎಲ್ಲರೂ ಮೊದಲು ಮುಟ್ಟೋದು ಪ್ಯಾಕೆಟ್ ಟ್ರೇಸರ್. ಒಳ್ಳೇದೇ, ನಾನೂ ಅದರಲ್ಲೇ ಕಲಿತಿದ್ದು. ಅದರ ಸ್ವಿಚ್, ರೂಟರ್‌ಗಳಲ್ಲಿ ಹೊಡೆಯೋ ಕಮಾಂಡ್‌ಗಳು ಸಿಸ್ಕೋದ ನಿಜವಾದ ಡಬ್ಬದಲ್ಲೂ ಬಹುಪಾಲು ನಡೆಯುತ್ತವೆ. ಆದರೆ ಅದರೊಳಗಿನ ವೈಫೈ ರೂಟರ್ ಒಂದು ಚಿತ್ರ. ಆ ಪುಟದಲ್ಲಿ ನೀವು ತುಂಬಿದ್ದನ್ನ ಬೇರೆ ಕಂಪನಿಯ ಡಬ್ಬಕ್ಕೆ ಎತ್ತಿಕೊಂಡು ಹೋಗೋಕೆ ಆಗಲ್ಲ. ಕಲಿತದ್ದು ನಿಮ್ಮ ತಲೆಯಲ್ಲಿ ಬರುತ್ತೆ, ಫೈಲ್ ಬರಲ್ಲ.

ನಾವು ಹಿಡಿದ ದಾರಿ ಬೇರೆ. ಲಿನಕ್ಸ್ ಕರ್ನಲ್ ಒಳಗೇ ‘ಮ್ಯಾಕ್80211 ಎಚ್‌ಡಬ್ಲ್ಯೂಸಿಮ್’ ಅಂತ ಒಂದು ಮಾಡ್ಯೂಲ್ ಇದೆ. ಅದನ್ನ ಲೋಡ್ ಮಾಡಿದರೆ ಲ್ಯಾಪ್‌ಟಾಪ್‌ನಲ್ಲಿ ಇಲ್ಲದ ವೈಫೈ ರೇಡಿಯೋಗಳು ಹುಟ್ಟಿಕೊಳ್ಳುತ್ತವೆ. ಎರಡು ಬೇಕಾ ಎರಡು, ಹತ್ತು ಬೇಕಾ ಹತ್ತು. ಇದನ್ನ ಬರೆದವರು ಫಿನ್ಲೆಂಡಿನ ಯೌನಿ ಮಾಲಿನೆನ್. ವೈಫೈ ಡಬ್ಬಗಳ ಒಳಗೆ ಪಾಸ್‌ವರ್ಡ್ ಕೇಳಿ ಒಳಬಿಡುವ ‘ಹೋಸ್ಟ್‌ಎಪಿಡಿ’ ಅನ್ನೋ ಪ್ರೋಗ್ರಾಂ ಬರೆದವರೂ ಅವರೇ. ಆ ಕಡೆ ಸೇರಿಕೊಳ್ಳುವ ಫೋನಿನ ಪಾತ್ರಕ್ಕೆ ‘ಡಬ್ಲ್ಯೂಪಿಎ ಸಪ್ಲಿಕೆಂಟ್’, ಆಂಡ್ರಾಯ್ಡ್ ಫೋನ್‌ಗಳು ವೈಫೈಗೆ ಬಳಸೋದೂ ಅದನ್ನೇ.

ಗಮನಿಸಿದ್ರಾ? ಇಲ್ಲಿ ಸುಳ್ಳು ಇರೋದು ರೇಡಿಯೋ ಒಂದೇ. ಅದರ ಮೇಲೆ ಕೂತ ಪ್ರೋಗ್ರಾಂಗಳು ನಿಜವಾದವು, ನಾಳೆ ಡಬ್ಬದಲ್ಲಿ ಓಡುವಂಥವೇ. ನಾಟಕದಲ್ಲಿ ಕುದುರೆ ಮಾತ್ರ ರಟ್ಟಿನದು, ಸವಾರ ಅಸಲಿ. ಹಾಗಾಗಿ ಸವಾರನಿಗೆ ಕೊಟ್ಟ ಸೂಚನೆಗಳನ್ನ ಅಸಲಿ ಕುದುರೆ ಮೇಲೂ ಬಳಸಬಹುದು. ಕುದುರೆಗೆ ಕೊಟ್ಟದ್ದನ್ನ ಆಗಲ್ಲ.

4/9

ಎರಡೂ ಡಬ್ಬಕ್ಕೆ ಕಂಪನಿಯ ಸಾಫ್ಟ್‌ವೇರ್ ತೆಗೆದು ಓಪನ್‌ಡಬ್ಲ್ಯೂಆರ್‌ಟಿ ಹಾಕಿದ್ವಿ. ಲಿಂಕ್‌ಸಿಸ್‌ನ ಡಬ್ಲ್ಯೂಆರ್‌ಟಿ54ಜಿ ಅನ್ನೋ ರೂಟರಿನ ಸೋರ್ಸ್ ಕೋಡ್ 2003ರಲ್ಲಿ ಹೊರಬಂದ ಮೇಲೆ, ಅದರ ಬೆನ್ನಿಗೆ 2004ರಲ್ಲಿ ಹುಟ್ಟಿದ ಯೋಜನೆ ಇದು. ಹೆಸರಿನಲ್ಲಿ ಇವತ್ತಿಗೂ ಆ ಡಬ್ಬದ ನೆನಪಿದೆ. ಇದರ ಲಾಭ ಏನಂದ್ರೆ, ಇದೇ ಸಾಫ್ಟ್‌ವೇರನ್ನ ಲ್ಯಾಪ್‌ಟಾಪ್‌ನ ವರ್ಚುವಲ್ ಮೆಷೀನ್‌ನಲ್ಲೂ ಓಡಿಸಬಹುದು, ಅದರೊಳಗೆ ಎಚ್‌ಡಬ್ಲ್ಯೂಸಿಮ್ ಹಾಕಿಕೊಳ್ಳಬಹುದು. ಸಿಮ್ಯುಲೇಟರ್‌ನಲ್ಲೂ ಡಬ್ಬದಲ್ಲೂ ವೈಫೈ ಫೈಲ್‌ನ ವ್ಯಾಕರಣ ಒಂದೇ ಆಯಿತು.

ಆ ಫೈಲ್ ತೆರೆದು ನೋಡಿ (ಫೋಟೋ 3). ನಮ್ಮ ಪ್ರಶ್ನೆಗೆ ಉತ್ತರ ಅದನ್ನ ರೂಪಿಸಿದವರೇ ಬರೆದಿಟ್ಟಿದ್ದಾರೆ. ಎರಡು ಥರದ ಭಾಗಗಳಿವೆ. ಒಂದರ ಹೆಸರು ‘ವೈಫೈ-ಡಿವೈಸ್’: ರೇಡಿಯೋ ಎಲ್ಲಿದೆ, ಯಾವ ಬ್ಯಾಂಡ್, ಯಾವ ಚಾನಲ್, ಎಷ್ಟು ಅಗಲ, ಎಷ್ಟು ಪವರ್, ಯಾವ ದೇಶ. ಇನ್ನೊಂದು ‘ವೈಫೈ-ಐಫೇಸ್’: ವೈಫೈ ಹೆಸರು, ಪಾಸ್‌ವರ್ಡ್, ಯಾವ ಥರದ ಭದ್ರತೆ, ಸೇರಿದವರನ್ನ ಯಾವ ನೆಟ್‌ವರ್ಕ್‌ಗೆ ಕಳಿಸಬೇಕು.

ಮೊದಲನೆಯದು ಡಬ್ಬದ್ದು. ಎರಡನೆಯದು ನಮ್ಮದು.

ನಾವು ಗೋಡೆ ಮೇಲೆ ಹೀಗೇ ಬರೆದು ಅಂಟಿಸಿಕೊಂಡ್ವಿ: ‘ನಮ್ಮದು’ ಅಂತ ಒಂದು ಹಾಳೆ, ‘ಡಬ್ಬದ್ದು’ ಅಂತ ಡಬ್ಬಕ್ಕೊಂದು ಹಾಳೆ. ಫೋನು ಕೋಣೆಯಿಂದ ಅಕ್ಕನ ಮನೆಗೆ ನಡೆದುಕೊಂಡು ಹೋದಾಗ ತಾನೇ ಡಬ್ಬ ಬದಲಾಯಿಸಿಕೊಳ್ಳಬೇಕಾದರೆ ಹೆಸರು, ಪಾಸ್‌ವರ್ಡ್, ಭದ್ರತೆ ಮೂರೂ ಎರಡು ಡಬ್ಬದಲ್ಲೂ ಅಕ್ಷರ ಬಿಡದೆ ಒಂದೇ ಇರಬೇಕು. ಚಾನಲ್, ಮ್ಯಾಕ್ ವಿಳಾಸ, ಐಪಿ ವಿಳಾಸ ಒಂದೇ ಇರಬಾರದು. ಒಂದೇ ಫೈಲ್‌ನಲ್ಲಿ ‘ಒಂದೇ ಇರಬೇಕು’ ಮತ್ತು ‘ಒಂದೇ ಇರಬಾರದು’ ಎರಡೂ ಅಕ್ಕಪಕ್ಕದ ಸಾಲಲ್ಲಿ ಕೂತಿರುತ್ತವೆ. ಇಡೀ ಫೈಲ್ ಕಾಪಿ ಮಾಡೋದು ಯಾಕೆ ಬೇಡ ಅನ್ನೋದಕ್ಕೆ ಇಷ್ಟು ಸಾಕು.

5/9

ಸಿಮ್ಯುಲೇಟರ್ ನಮ್ಮನ್ನ ನಿಜವಾಗ್ಲೂ ಉಳಿಸಿದ್ದು ಹೆಸರಿನ ವಿಷಯದಲ್ಲಿ.

ಮಕ್ಕಳು ಮೊದಲೇ ಹೇಳಿ ಕಳಿಸಿದ್ದರು, ವೈಫೈ ಹೆಸರು ಕನ್ನಡದಲ್ಲೇ ಇರಬೇಕು, ‘ಪುಣಜನೂರು ಓದುಮನೆ’ ಅಂತ. ವೈಫೈ ಹೆಸರಿಗೆ ಮಿತಿ 32 ಬೈಟ್. ಇಂಗ್ಲಿಷ್‌ನಲ್ಲಾದರೆ ಅಕ್ಷರಕ್ಕೆ ಒಂದು ಬೈಟ್. ಕನ್ನಡದಲ್ಲಿ ಯುಟಿಎಫ್-8 ಪ್ರಕಾರ ಪ್ರತಿ ಚಿಹ್ನೆಗೆ ಮೂರು, ಗುಣಿತಕ್ಕೆ ಬೇರೆ ಮೂರು. ‘ಪು’ ಅಂದ್ರೇ ಆರು ಬೈಟ್! ಎಣಿಸಿ ನೋಡಿ: ‘ಪುಣಜನೂರು’ 24, ಮಧ್ಯದ ಖಾಲಿ ಜಾಗ 1, ‘ಓದುಮನೆ’ 18. ಒಟ್ಟು 43. ಹೋಸ್ಟ್‌ಎಪಿಡಿ ಒಪ್ಪಲಿಲ್ಲ. ಲ್ಯಾಪ್‌ಟಾಪ್‌ನಲ್ಲಿ ಒಪ್ಪದ್ದನ್ನ ಡಬ್ಬವೂ ಒಪ್ಪಲ್ಲ, ಯಾಕಂದ್ರೆ ಸವಾರ ಒಬ್ಬನೇ.

ಕನ್ನಡ ಬಿಟ್ಟು ಇಂಗ್ಲಿಷ್‌ನಲ್ಲಿ ಹಾಕೋಣ ಅಂತ ಗುಂಪಿನಲ್ಲಿ ಒಬ್ಬರು ಅಂದರು. ನನಗೆ ಅದು ಹಿಡಿಸಲಿಲ್ಲ. ಮಕ್ಕಳು ಕೇಳಿದ್ದು ಅದೊಂದನ್ನೇ. ಫೋನ್ ಮಾಡಿ ಲೆಕ್ಕ ಹೇಳಿದ್ವಿ. ಒಂಬತ್ತನೇ ಕ್ಲಾಸಿನ ಒಬ್ಬಳು ಅಲ್ಲೇ ಎಣಿಸಿ ‘ಹಂಗಾದ್ರ ಓದುಮನೆ ಅಂತ್ಲೇ ಇರ್ಲಿ ಅಣ್ಣ, ಊರು ಯಾವ್ದು ಅಂತ ನಮ್ಗ ಗೊತ್ತದಲ್ಲ’ ಅಂದಳು. 18 ಬೈಟ್. ಮುಗೀತು.

ಇದರ ಬಾಲದಲ್ಲಿ ಇನ್ನೊಂದು ಕೊಕ್ಕೆ ಇದೆ. ಡಬ್ಲ್ಯೂಪಿಎ2ನಲ್ಲಿ ನೀವು ಟೈಪ್ ಮಾಡೋ 8ರಿಂದ 63 ಅಕ್ಷರದ ಪಾಸ್‌ವರ್ಡ್ ಹಾಗೇ ಬಳಕೆ ಆಗಲ್ಲ. ಪಾಸ್‌ವರ್ಡ್ ಮತ್ತು ವೈಫೈ ಹೆಸರು ಎರಡನ್ನೂ ಸೇರಿಸಿ 4096 ಸಲ ಅರೆದು 256 ಬಿಟ್‌ನ ಕೀ ಮಾಡ್ತಾರೆ. ಕೆಲವರು ಪಾಸ್‌ವರ್ಡ್ ಕಾಣದಿರಲಿ ಅಂತ ಈ ಅರೆದ ಕೀಯನ್ನೇ, 64 ಅಂಕಿ-ಅಕ್ಷರದ ಸಾಲಾಗಿ, ಫೈಲ್‌ನಲ್ಲಿ ಇಡ್ತಾರೆ. ಅದು ನಡೆಯುತ್ತೆ. ಆದರೆ ಆ ಫೈಲ್ ಇನ್ನೊಂದು ಕಡೆ ಒಯ್ದು ಹೆಸರು ಮಾತ್ರ ಬದಲಾಯಿಸಿದರೆ ಸರಿಯಾದ ಪಾಸ್‌ವರ್ಡ್ ಹಾಕಿದವರೂ ಒಳಗೆ ಹೋಗಲ್ಲ. ಹೆಸರೂ ಆ ಹಿಟ್ಟಿನಲ್ಲಿ ಸೇರಿದೆ. ನಮ್ಮ ಹೆಸರು ಒಂದು ಸಲ ಬದಲಾಗಿದ್ದರಿಂದ ನಾವು ಪಾಸ್‌ವರ್ಡನ್ನೇ ಇಟ್ಟು, ಅರೆಯೋ ಕೆಲಸ ಡಬ್ಬಕ್ಕೆ ಬಿಟ್ವಿ.

(ಫೋಟೋ 4ರಲ್ಲಿ ಆ ಸಾಲು ಮಸುಕು ಮಾಡಿದ್ದೀನಿ. ಝೂಮ್ ಮಾಡಿ ಪ್ರಯೋಜನ ಇಲ್ಲ.)

6/9

‘ಡಬ್ಬದ್ದು’ ಹಾಳೆಗೆ ಬರೋಣ. ಇದನ್ನ ಕಾಪಿ ಮಾಡಬಾರದು, ಡಬ್ಬವನ್ನೇ ಕೇಳಬೇಕು.

ರೇಡಿಯೋದ ವಿಳಾಸ ಅಂತ ಒಂದು ಸಾಲಿರುತ್ತೆ, ಆ ಬೋರ್ಡಿನ ಮೇಲೆ ರೇಡಿಯೋ ಚಿಪ್ ಎಲ್ಲಿ ಜೋಡಣೆ ಆಗಿದೆ ಅಂತ. ಸಿಮ್ಯುಲೇಟರ್‌ನದು ಒಂದು, ಎರಡು ಕೊಂಬಿನ ಡಬ್ಬದ್ದು ಇನ್ನೊಂದು, ನಾಲ್ಕು ಕೊಂಬಿನದು ಮತ್ತೊಂದು. ತಪ್ಪು ವಿಳಾಸ ಕೊಟ್ಟರೆ ಆ ಡಬ್ಬಕ್ಕೆ ತನ್ನದೇ ರೇಡಿಯೋ ಸಿಗಲ್ಲ.

‘ರೇಡಿಯೋ 0’, ‘ರೇಡಿಯೋ 1’ ಅನ್ನೋ ಹೆಸರುಗಳನ್ನೂ ನಂಬಬೇಡಿ. ಒಂದು ಮಾಡೆಲ್‌ನಲ್ಲಿ ಸೊನ್ನೆ ಅಂದರೆ 2.4 ಗಿಗಾಹರ್ಟ್ಸ್, ಇನ್ನೊಂದರಲ್ಲಿ ಅದೇ ಸೊನ್ನೆ 5 ಗಿಗಾಹರ್ಟ್ಸ್. 5ರ ರೇಡಿಯೋಗೆ ಚಾನಲ್ 6 ಅಂದರೆ ಅದು ಏನು ಮಾಡೀತು ಪಾಪ. ನಮ್ಮ ಎರಡು ಕೊಂಬಿನ ಡಬ್ಬದಲ್ಲಿ 5ರ ರೇಡಿಯೋನೇ ಇಲ್ಲ. ಅದಕ್ಕೆ ನಮ್ಮ ಸಣ್ಣ ಸ್ಕ್ರಿಪ್ಟ್ ನಂಬರ್ ಕೇಳಲ್ಲ. ‘ನಿನ್ನಲ್ಲಿ 2.4 ಯಾವುದು?’ ಅಂತ ಬ್ಯಾಂಡ್ ನೋಡಿ, ಸಿಕ್ಕ ರೇಡಿಯೋಗೆ ‘ನಮ್ಮದು’ ಹಾಳೆ ಜೋಡಿಸುತ್ತೆ. 5 ಇದ್ದರೆ ಅದಕ್ಕೂ. ಇಲ್ಲದಿದ್ದರೆ ಸುಮ್ಮನೆ ಮುಂದೆ ಹೋಗುತ್ತೆ. ಹಳೇ ಬ್ಲಾಗ್‌ಗಳಲ್ಲಿ ಬ್ಯಾಂಡ್ ಬದಲು ‘ಎಚ್‌ಡಬ್ಲ್ಯೂಮೋಡ್’ ಅಂತ ಸಿಗುತ್ತೆ. ಓಪನ್‌ಡಬ್ಲ್ಯೂಆರ್‌ಟಿ 21.02 ಬಂದಮೇಲೆ ‘ಬ್ಯಾಂಡ್’.

ಮ್ಯಾಕ್ ವಿಳಾಸ: ಎಚ್‌ಡಬ್ಲ್ಯೂಸಿಮ್ ರೇಡಿಯೋಗಳಿಗೆ 02ರಿಂದ ಶುರುವಾಗಿ ಬಹುತೇಕ ಸೊನ್ನೆಗಳೇ ಇರುವ ವಿಳಾಸ ಸಿಗುತ್ತೆ. ಅದು ಫೈಲ್ ಜೊತೆ ಎರಡೂ ಡಬ್ಬಕ್ಕೆ ಹೋದರೆ ಗಾಳಿಯಲ್ಲಿ ಎರಡು ಡಬ್ಬ ಒಂದೇ ಮುಖ ಹೊತ್ತು ನಿಲ್ಲುತ್ತವೆ, ಫೋನ್ ಯಾರ ಜೊತೆ ಮಾತಾಡ್ತಿದೆ ಅಂತ ಅದಕ್ಕೇ ತಿಳಿಯಲ್ಲ. ಆ ಸಾಲು ಅಳಿಸಿಬಿಡಿ, ಡಬ್ಬ ತನ್ನದನ್ನ ತಾನು ಹಾಕಿಕೊಳ್ಳುತ್ತೆ.

ಐಪಿ: ತಾರಸಿಯದು 192.168.1.1, ಕೋಣೆಯದು 192.168.1.2. ವಿಳಾಸ ಹಂಚುವ ಡಿಎಚ್‌ಸಿಪಿ ಒಂದರಲ್ಲೇ, ತಾರಸಿಯದರಲ್ಲಿ. ಇದು ಪೂರ್ತಿ ಸಿಮ್ಯುಲೇಟರ್‌ನಲ್ಲೇ ಪರೀಕ್ಷೆ ಮಾಡಬಹುದಾದ ವಿಷಯ, ಮಾಡಿದ್ವಿ. ಆದರೆ ಕೇಬಲ್ ಚುಚ್ಚುವ ಪೋರ್ಟ್‌ಗಳ ಹೆಸರು ಡಬ್ಬದಿಂದ ಡಬ್ಬಕ್ಕೆ ಬೇರೆ. ಆ ಫೈಲ್ ಕುರುಡಾಗಿ ಹಾಕಿದಾಗಲೇ ಡಬ್ಬ ಬಾಗಿಲು ಹಾಕಿಕೊಳ್ಳೋದು. ಹಾಗೇನಾದ್ರೂ ಆದರೆ ಬೂಟ್ ಆಗುವಾಗ ಗುಂಡಿ ಒತ್ತಿ ಫೇಲ್‌ಸೇಫ್‌ಗೆ ಹೋಗಿ, ಅದು 192.168.1.1ರಲ್ಲಿ ಸಿಗುತ್ತೆ. ಇದನ್ನ ಮಾತ್ರ ಪೇಪರ್ ಮೇಲೆ ಬರೆದು ಜೇಬಲ್ಲಿಟ್ಟುಕೊಳ್ಳಿ. ನೆಟ್ ಇಲ್ಲದ ಜಾಗದಲ್ಲಿ ಪೇಪರೇ ಗೂಗಲ್.

7/9

ಇನ್ನು ಸಿಮ್ಯುಲೇಟರ್‌ಗೆ ಗೊತ್ತೇ ಇಲ್ಲದ್ದು ಗಾಳಿ.

ಎಚ್‌ಡಬ್ಲ್ಯೂಸಿಮ್ ಲೋಕದಲ್ಲಿ ಒಂದೇ ಚಾನಲ್‌ನಲ್ಲಿರೋ ಎಲ್ಲರಿಗೂ ಎಲ್ಲವೂ ಕೇಳಿಸುತ್ತೆ. ದೂರ ಇಲ್ಲ, ಗೋಡೆ ಇಲ್ಲ, ಮಳೆಯಲ್ಲಿ ನೆನೆದ ಮರ ಇಲ್ಲ. ‘ಡಬ್ಲ್ಯೂಮೀಡಿಯಂಡಿ’ ಅಂತ ಇನ್ನೊಂದು ಪ್ರೋಗ್ರಾಂ ಸೇರಿಸಿದರೆ ಇಷ್ಟು ಪ್ಯಾಕೆಟ್ ಕಳೆದುಹೋಗಲಿ ಅಂತ ನಷ್ಟವನ್ನ ನಾವೇ ಹಾಕಬಹುದು. ಆದರೆ ಎಷ್ಟು ಹಾಕಬೇಕು ಅಂತ ಹೇಳೋರು ಯಾರು? ಆ ಸಂಖ್ಯೆ ಪುಣಜನೂರಿನ ಗೋಡೆಯಲ್ಲಿದೆ.

ದೇಶದ ಕೋಡ್ ಇನ್ನೊಂದು. ನಮ್ಮಲ್ಲಿ 2.4 ಗಿಗಾಹರ್ಟ್ಸ್ ಪಟ್ಟಿಯನ್ನ ಕೇಂದ್ರ ಸರ್ಕಾರ 2005ರಲ್ಲಿ ಪರವಾನಗಿ ಬೇಡದ ಬಳಕೆಗೆ ಬಿಟ್ಟಿತು, 5ರ ಅಗಲವಾದ ಪಟ್ಟಿಗಳನ್ನ 2018ರ ಅಕ್ಟೋಬರ್‌ನಲ್ಲಿ. ನಾವು ಹಳೇ ಡಬ್ಬ ಹಿಡಿದು ಹಳ್ಳಿಯಲ್ಲಿ ವೈಫೈ ಹಾಕ್ತೀವಿ ಅಂತ ಹೊರಡೋಕೆ ಆಗಿದ್ದೇ ಆ ಆದೇಶಗಳಿಂದ. ಯಾವ ಚಾನಲ್, ಎಷ್ಟು ಪವರ್ ಅನ್ನೋದು ದೇಶದಿಂದ ದೇಶಕ್ಕೆ ಬೇರೆ. ಅಮೆರಿಕದ ಟ್ಯುಟೋರಿಯಲ್‌ನಿಂದ ಎತ್ತಿದ ಕಾನ್ಫಿಗ್‌ನಲ್ಲಿ ಅಮೆರಿಕದ ಕೋಡ್ ಕೂತಿರುತ್ತೆ, ಅದನ್ನ ಭಾರತಕ್ಕೆ ಬದಲಾಯಿಸಿ. ಆಮೇಲೆ 5ರಲ್ಲಿ ಕೆಲವು ಚಾನಲ್‌ಗಳಿಗೆ ರೇಡಾರ್ ಇದೆಯಾ ಅಂತ ಮೊದಲು ಕೇಳಿಸಿಕೊಳ್ಳೋ ನಿಯಮ ಇರುತ್ತೆ. ಅಂಥ ಚಾನಲ್ ಕೊಟ್ಟರೆ ಡಬ್ಬ ಸಾಮಾನ್ಯವಾಗಿ 60 ಸೆಕೆಂಡ್ ಮೌನವಾಗಿ ಕಿವಿಗೊಟ್ಟು, ಆಮೇಲಷ್ಟೇ ಹೆಸರು ಕೂಗುತ್ತೆ. ಗೊತ್ತಿಲ್ಲದವರು ಆ ಒಂದು ನಿಮಿಷದಲ್ಲಿ ಕೆಟ್ಟುಹೋಯ್ತು ಅಂತ ಮೂರು ಸಲ ಆಫ್-ಆನ್ ಮಾಡಿರ್ತಾರೆ. ನಾವು 36 ಇಟ್ವಿ, ಕಾಯೋ ಗೋಜಿಲ್ಲ.

2.4ರಲ್ಲಿ ಒಂದಕ್ಕೆ 1, ಇನ್ನೊಂದಕ್ಕೆ 11. ಚಾನಲ್ ನಂಬರ್‌ಗಳು 5 ಮೆಗಾಹರ್ಟ್ಸ್‌ಗೊಂದು, ಬೇಕಾದ ಅಗಲ ಸುಮಾರು 20, ಹಾಗಾಗಿ ಪಕ್ಕಪಕ್ಕದವು ಒಂದರ ಮೇಲೊಂದು ಬೀಳುತ್ತವೆ.

8/9

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಕೇಬಲ್ ಎಳೆಯೋಕೆ ಶುರು. ಅದೇ ಹೆಚ್ಚು ಹೊತ್ತು ಹಿಡಿದಿದ್ದು, ಬೇಲಿ ದಾಟಿಸಿ, ನೆಲದಿಂದ ಮೇಲಕ್ಕೆ ಎತ್ತಿ ಕಟ್ಟಿ. ಮಕ್ಕಳೇ ಕಂಬ ಹತ್ತೋಕೆ ಬಂದರು, ಅಕ್ಕ ಬೈದು ಇಳಿಸಿದರು.

ಹನ್ನೆರಡೂವರೆಗೆ ಸ್ಕ್ರಿಪ್ಟ್ ಎರಡೂ ಡಬ್ಬದಲ್ಲಿ ಓಡಿಸಿದ್ವಿ. ‘ನಮ್ಮದು’ ಹಾಳೆಯಲ್ಲಿ ಇದ್ದದ್ದೆಲ್ಲ ಮೊದಲ ಸಲಕ್ಕೇ ನಿಂತಿತು. ಹೆಸರು ಕನ್ನಡದಲ್ಲಿ ಬಂತು. ಒಂದು ಹಳೇ ಫೋನಿನಲ್ಲಿ ಮಾತ್ರ ಅಕ್ಷರದ ಬದಲು ವಿಚಿತ್ರ ಚಿಹ್ನೆಗಳು ಕಂಡವು, ಆದರೂ ಸೇರಿಕೊಂಡಿತು. ನಡೆದುಕೊಂಡು ಹೋದರೆ ಫೋನ್ ಡಬ್ಬ ಬದಲಾಯಿಸಿತು.

ತೊಂದರೆ ಬಂದಿದ್ದು ನಾವು ನಿರೀಕ್ಷಿಸಿದ ಕಡೆಯಿಂದಲೇ. ಮಕ್ಕಳು ಕೂರೋದು ತಗಡಿನ ಜಗಲಿಯಲ್ಲಿ, ಡಬ್ಬ ಇಟ್ಟಿದ್ದು ಒಳಗಿನ ಗೂಡಿನಲ್ಲಿ, ಆ ಗೂಡಿನ ಮುಂದೆ ಕಬ್ಬಿಣದ ಬೀರು. ಲೋಹ ಅಂದರೆ ರೇಡಿಯೋಗೆ ಗೋಡೆಗಿಂತ ಗಟ್ಟಿ. ‘ಹೆಸ್ರು ಬಂದದ ಕನಪ್ಪ, ಆದ್ರ ಆ ಮೂಲೇಲಿ ಕೂತ್ರ ಮಾತ್ರ ಹೋಯ್ತದ’ ಅಂದರು ಅಕ್ಕ. ಯಾವ ಕಾನ್ಫಿಗ್ ಸಾಲೂ ಇದಕ್ಕೆ ಮದ್ದಲ್ಲ. ಪವರ್ ಏರಿಸೋಣ ಅಂತ ಒಬ್ಬರು ಅಂದರು. ಡಬ್ಬ ಜೋರಾಗಿ ಕೂಗಿದರೂ ಫೋನಿನ ಉತ್ತರ ಅಷ್ಟೇ ಮೆಲ್ಲಗಿರುತ್ತೆ, ಅದು ವಾಪಸ್ ಬರಬೇಕಲ್ಲ. ಡಬ್ಬವನ್ನ ಕಿಟಕಿ ಮೇಲಿನ ಹಲಗೆಗೆ ಸರಿಸಿದ್ವಿ. ಎರಡು ಮೊಳೆ, ಒಂದು ದಾರ. ಜಗಲಿಯ ಅಷ್ಟೂ ಜನಕ್ಕೆ ಸಿಕ್ಕಿತು.

ಆಮೇಲೆ ಬೇಕಂತಲೇ ಮೇನ್ ಸ್ವಿಚ್ ತೆಗೆದು ಹಾಕಿ ನೋಡಿದ್ವಿ, ಕರೆಂಟ್ ಹೋಗಿ ಬಂದಾಗ ಯಾರೂ ಮುಟ್ಟದೆ ತಾನೇ ಎದ್ದು ನಿಲ್ಲುತ್ತಾ ಅಂತ. ನಿಂತಿತು. ಮೂರು ಗಂಟೆಗೆ ಮೊದಲ ಅರ್ಜಿಗೆ ಕೂತವಳು, ಬೈಟ್ ಎಣಿಸಿದ ಆ ಹುಡುಗಿಯ ಅಕ್ಕ, ಪಿಯುಸಿ ಮೊದಲ ವರ್ಷ. ಓಟಿಪಿ ಬರೋ ಹೊತ್ತಿಗೆ ಜಗಲಿಯಲ್ಲಿ ಯಾರೂ ಉಸಿರೂ ಬಿಡ್ತಿರಲಿಲ್ಲ. ಅರ್ಜಿ ಸಂಖ್ಯೆ ಬಂದಮೇಲೆ ಅದನ್ನ ಫೋನಿನಲ್ಲಿ ಸ್ಕ್ರೀನ್‌ಶಾಟ್ ತೆಗೆದು, ನಂಬಿಕೆ ಸಾಲದೆ ನೋಟ್‌ಬುಕ್ಕಿನ ಹಿಂದೆಯೂ ಬರೆದುಕೊಂಡಳು. ನಾವು ಬಸ್ ಹತ್ತೋ ಹೊತ್ತಿಗೆ ನಾಲ್ಕು ಅರ್ಜಿ ಆಗಿತ್ತು. ಉಳಿದವು ಆ ವಾರದಲ್ಲಿ, ನಾವಿಲ್ಲದೆ.

9/9

ಈ ‘ನಮ್ಮದು-ಡಬ್ಬದ್ದು’ ನಾವು ಕಂಡುಹಿಡಿದಿದ್ದೇನಲ್ಲ. ಊರಿನವರೇ ಸೇರಿ ವೈಫೈ ಜಾಲ ಕಟ್ಟಿಕೊಳ್ಳೋಕೆ ಅಂತ ಇರುವ ಲಿಬ್ರೆಮೆಶ್ ಸಾಫ್ಟ್‌ವೇರ್ ಇದನ್ನ ಮೂರು ಹಂತ ಮಾಡಿದೆ: ಎಲ್ಲರಿಗೂ ಅನ್ವಯಿಸುವ ಡಿಫಾಲ್ಟ್, ನಮ್ಮ ಸಮುದಾಯದ ಫೈಲ್, ಈ ಒಂದು ಡಬ್ಬದ ಫೈಲ್. ಡಬ್ಬದ ಮಾತು ಸಮುದಾಯದ ಮಾತಿಗಿಂತ ಮೇಲೆ, ಸಮುದಾಯದ್ದು ಡಿಫಾಲ್ಟ್‌ಗಿಂತ ಮೇಲೆ. ನನಗೆ ಈ ಕ್ರಮ ಇಷ್ಟ. ಕರ್ನಾಟಕದಲ್ಲೇ ಊರಿನವರದ್ದೇ ಜಾಲ ನೋಡಬೇಕು ಅನ್ನೋರು ತುಮಕೂರು ಜಿಲ್ಲೆಯ ದೇವರಾಯನದುರ್ಗದ ಕಡೆ ಜನಸ್ತು ಸಂಸ್ಥೆಯವರು ಮಾಡಿರುವ ‘ಕೌಮೆಶ್’ ಬಗ್ಗೆ ಹುಡುಕಿ ಓದಿ.

ಲ್ಯಾಬ್‌ನಲ್ಲಿ ಆಕ್ಸೆಸ್ ಪಾಯಿಂಟ್ ಕಡಿಮೆ ಇವೆ, ನಮ್ಮ ಸರದಿ ಬರಲ್ಲ ಅಂತ ಗೊಣಗೋ ಜೂನಿಯರ್‌ಗಳಿಗೆ: ಲ್ಯಾಪ್‌ಟಾಪ್ ಒಂದಿದ್ದರೆ ಇವತ್ತು ರಾತ್ರಿಯೇ ‘ನಮ್ಮದು’ ಹಾಳೆ ಪೂರ್ತಿ ಮಾಡಬಹುದು. ಡಬ್ಬ ಕೈಗೆ ಸಿಕ್ಕ ದಿನ ಮೊದಲು ಅದರ ರೇಡಿಯೋ ಎಷ್ಟು, ಯಾವ ಬ್ಯಾಂಡ್, ಪೋರ್ಟ್‌ಗಳ ಹೆಸರೇನು ಅಂತ ಕೇಳಿ ಬರೆದುಕೊಳ್ಳಿ, ಆಮೇಲೆ ಫೈಲ್ ಮುಟ್ಟಿ.

ಕೊನೆಯ ಫೋಟೋ ಹೊಸ ಡಬ್ಬದ್ದು. ನಿಮ್ಮಲ್ಲೇ ಒಬ್ಬರು ಕಳಿಸಿದ್ದು, ಕೊಂಬೇ ಇಲ್ಲದ, ಚಾವಣಿಗೆ ಅಂಟಿಸೋ ಥರದ್ದು. ಒಳಗಿನ ಪೋಡಿನ ಹತ್ತಿರ ಇನ್ನೊಂದು ಓದುವ ಜಾಗ ಇದೆ, ಅಲ್ಲಿಗೆ. ‘ನಮ್ಮದು’ ಹಾಳೆ ಒಂದಕ್ಷರ ಬದಲಾಗಿಲ್ಲ, ಗೋಡೆ ಮೇಲೆ ಹಾಗೇ ಇದೆ. ಪಕ್ಕದಲ್ಲಿ ಮೂರನೇ ‘ಡಬ್ಬದ್ದು’ ಹಾಳೆ ಅಂಟಿಸಿದ್ದೀವಿ, ಸದ್ಯಕ್ಕೆ ಅದರ ಮೇಲೆ ಮಾಡೆಲ್ ನಂಬರ್ ಮಾತ್ರ ಇದೆ. ಶನಿವಾರ ಊಟ ಆದಮೇಲೆ ಬಿಚ್ಚಿ ನೋಡ್ತೀವಿ, ಹಾಸ್ಟೆಲ್‌ನಲ್ಲಿರೋರು ಬನ್ನಿ. ಸಣ್ಣ ಸ್ಕ್ರೂಡ್ರೈವರ್ ಇದ್ದೋರು ತನ್ನಿ, ನಮ್ಮದು ಪುಣಜನೂರಿನ ಕಿಟಕಿ ಹಲಗೆ ಮೇಲೇ ಉಳಿದಿದೆ.